ಎರಡನೆಯ ಮ್ಯಾಗಜೀನ್

ಲೋರ್ನಾ ನೇರ ಎದೆಗೇ ಗುರಿ ಹಿಡಿದು ಟ್ರಿಗರ್ ಒತ್ತಿದಳು. ಟಕ್ ಎಂದಿತು, ಅಷ್ಟೆ. ಗುಂಡು ಹಾರಲಿಲ್ಲ.

ಅಡುಗೆಮನೆಯಿಂದ ಗ್ಯಾರೇಜಿಗೆ ಹೋಗುವ ಬಾಗಿಲಲ್ಲಿ, ಕಣ್ಣು ಮಾತ್ರ ಕಾಣುವ ಕರಿ ಉಣ್ಣೆಯ ಮುಸುಕು ಹಾಕಿಕೊಂಡು ನಿಂತಿದ್ದವನು ಕಳ್ಳನಲ್ಲ, ಅವಳ ಗಂಡ ವೆಂಡೆಲ್. ಮಹಾರಾಯನಿಗೆ ಒಳಗೊಳಗೇ ನಗು. ಬೆಳಿಗ್ಗೆ ಅವಳು ಸ್ನಾನಕ್ಕೆ ಹೋದಾಗ ಅವಳ ಪಿಸ್ತೂಲಿನ ಅಸಲಿ ಗುಂಡುಗಳನ್ನೆಲ್ಲ ತೆಗೆದು, ಅಭ್ಯಾಸಕ್ಕೆಂದು ಇಟ್ಟಿದ್ದ ಕೆಂಪು ಪ್ಲಾಸ್ಟಿಕ್ಕಿನ ಹುಸಿಗುಂಡು ತುಂಬಿಟ್ಟವನು ಅವನೇ. ಅಮೆರಿಕದ ಮಿಸ್ಸೂರಿಯ ಆ ಪುಟ್ಟ ಊರಿನಲ್ಲಿ, ಸೊಂಟಕ್ಕೆ ಪಿಸ್ತೂಲು ಸಿಕ್ಕಿಸಿಕೊಂಡು ಅಂಗಡಿಗೆ ಹೋಗುವ ಹೆಂಗಸರಿಗೆಲ್ಲ ಅವನೇ ಮೇಷ್ಟ್ರು. ಅಷ್ಟು ಜನಕ್ಕೆ ಕಲಿಸಿದರೂ ಸ್ವಂತ ಹೆಂಡತಿಯ ಮೇಲೆ ಮಾತ್ರ ನಂಬಿಕೆಯಿಲ್ಲ. ಅಭ್ಯಾಸದ ಬಯಲಿನಲ್ಲಿ ಚುರುಕು, ಸರಿ. ನಿಜವಾದ ಕಳ್ಳ ಎದುರಾದರೆ ಕಿಟಾರನೆ ಕಿರುಚಿ ಕಣ್ಣು ಮುಚ್ಚುತ್ತಾಳೆ ಎಂದು ಅವನ ಲೆಕ್ಕ. ಇವತ್ತು ನೋಡಿಯೇ ಬಿಡೋಣ ಎಂದು ಕಾದು ನಿಂತಿದ್ದ.

ಅಂಗಡಿಯಿಂದ ತಂದ ಚೀಲ ಅವಳ ಕೈಯಿಂದ ಬಿದ್ದು, ಮೊಟ್ಟೆ ಒಡೆದು ನೆಲವೆಲ್ಲ ಲೋಳೆಯಾಗಿತ್ತು. ಆದರೆ ಅವಳು ಕಿರುಚಲಿಲ್ಲ. ಗುಂಡು ಹಾರದಿದ್ದರೆ ಏನು ಮಾಡಬೇಕೆಂದು ಅವನು ಹೇಳಿಕೊಟ್ಟಿದ್ದನೋ ಅದನ್ನೇ ಮಾಡಿದಳು. ಹಿಡಿಯೊಳಗೆ ಕೂರುವ ಗುಂಡಿನ ಡಬ್ಬಿ, ಆ ಮ್ಯಾಗಜೀನಿನ ತಳಕ್ಕೆ ಅಂಗೈಯಿಂದ ಪಟ್ಟನೆ ಗುದ್ದಿ, ಪಿಸ್ತೂಲಿನ ಮೇಲ್ಭಾಗವನ್ನು ಹಿಂದಕ್ಕೆ ಜಗ್ಗಿ ಬಿಟ್ಟಳು. ಕೆಂಪು ಹುಸಿಗುಂಡೊಂದು ಹೊರಗೆ ಚಿಮ್ಮಿತು. ಮತ್ತೆ ಒತ್ತಿದಳು. ಮತ್ತೆ ಟಕ್.

"ಶಭಾಷ್ ಕಣೇ!" ವೆಂಡೆಲ್ ಚಪ್ಪಾಳೆ ತಟ್ಟಿದ. "ನನ್ನ ಶಿಷ್ಯೆ ಅಂದ್ರೆ ಹೀಗಿರ್ಬೇಕು ನೋಡು!"

ಅವಳ ಮುಖದಲ್ಲಿ ಒಂದಿಷ್ಟೂ ಬದಲಾವಣೆಯಿಲ್ಲ. ಎಡಗೈ ಸೊಂಟದತ್ತ ಹೋಯಿತು. ವೆಂಡೆಲ್‌ನ ಚಪ್ಪಾಳೆ ಅರ್ಧಕ್ಕೇ ನಿಂತಿತು. ಎರಡು ಸಲ ಕೈಕೊಟ್ಟರೆ ಆ ಮ್ಯಾಗಜೀನನ್ನು ಬೀಳಿಸಿ ಇನ್ನೊಂದನ್ನು ಹಾಕು, ಯೋಚನೆ ಮಾಡುತ್ತ ನಿಲ್ಲಬೇಡ. ಇದೂ ಅವನದೇ ಪಾಠ. ಅವಳ ಬೆಲ್ಟಿನಲ್ಲಿದ್ದ ಆ ಎರಡನೆಯ ಮ್ಯಾಗಜೀನನ್ನು ಅವನು ಬೆಳಿಗ್ಗೆ ಮುಟ್ಟಿಯೇ ಇರಲಿಲ್ಲ. ಅದರ ತುಂಬ ಅಸಲಿ ಗುಂಡು. ಮರೆತೇಬಿಟ್ಟಿದ್ದ, ದರಿದ್ರ ತಲೆ!

"ಲೋರ್ನಾ! ನಾನು ಕಣೇ! ವೆಂಡೆಲ್! ಬೇಡ್ವೇ ಮಾರಾಯ್ತಿ!"

ಮುಸುಕು ಕೀಳಲು ಹೋದರೆ ಅದು ಕನ್ನಡಕಕ್ಕೆ ಸಿಕ್ಕಿಕೊಂಡಿತು. ಹಳೆಯ ಮ್ಯಾಗಜೀನು ಮೊಟ್ಟೆಯ ಲೋಳೆಯೊಳಗೆ ಬಿತ್ತು. ಹೊಸದು ಕಟಕ್ಕೆಂದು ಕೂತಿತು. ಅವಳು ಮತ್ತೆ ಜಗ್ಗಿ, ಟ್ರಿಗರ್ ಒತ್ತಿದಳು. ಈ ಸಲ ಮನೆಯೇ ಅದುರಿತು.

ಗುಂಡು ಅವನ ಕಿವಿಯ ತುದಿಯನ್ನು ಸವರಿಕೊಂಡು ಹೋಗಿ ಬಾಗಿಲ ಚೌಕಟ್ಟನ್ನು ಸೀಳಿತ್ತು. ಅವನು ಅಲ್ಲೇ ಕುಸಿದ. ಕುತ್ತಿಗೆಯ ಮೇಲೆ ಬಿಸಿಯಾಗಿ ರಕ್ತ ಇಳಿಯುತ್ತಿತ್ತು. ಬದುಕಿದ್ದೇನೆ ಎಂದು ನಂಬುವುದಕ್ಕೇ ಸ್ವಲ್ಪ ಹೊತ್ತು ಬೇಕಾಯಿತು. ಲೋರ್ನಾ ಪಿಸ್ತೂಲನ್ನು ಒಲೆಯ ಪಕ್ಕ ಇಟ್ಟು, ಅವನ ಮುಸುಕು ಬಿಡಿಸಿ, ಒರೆಸುವ ಬಟ್ಟೆಯನ್ನು ಕಿವಿಗೆ ಒತ್ತಿ ಹಿಡಿದಳು.

"ನಂದೇ ತಪ್ಪು ಕಣೇ," ಅವನು ಮಗುವಿನಂತೆ ಅಳತೊಡಗಿದ. "ನೀನೇನ್ ಮಾಡ್ತೀಯಾ, ಪಾಪ. ಈ ಹಾಳು ಮುಸುಕಲ್ಲಿ ನಿಂಗೆ ಗುರುತೇ ಸಿಗ್ಲಿಲ್ಲ."

"ಸಿಕ್ತು."

"ಏನು?"

"ನೀನು ಶಭಾಷ್ ಅಂದಾಗ್ಲೇ ಗೊತ್ತಾಯ್ತು, ನೀನೇ ಅಂತ." ಅವಳು ತನ್ನ ಕೈಗಳನ್ನು ಬೇರೆ ಯಾರದೋ ಎಂಬಂತೆ ನೋಡುತ್ತಿದ್ದಳು. "ನಿಲ್ಲು, ನಿಲ್ಲು ಅಂತ ಮನಸ್ಸಲ್ಲೇ ಕೈಗೆ ಹೇಳ್ತಾನೇ ಇದ್ದೆ, ವೆಂಡೆಲ್. ಕೈ ಕೇಳ್ಲಿಲ್ಲ."