ಸಿಗದ ಡಿಸ್ಕ್

"ಈ ಮುದಿ ಲ್ಯಾಪ್‌ಟಾಪಿಗೆ ಹೊಸ ಎಸ್‌ಎಸ್‌ಡಿ ಬೇರೆ! ಇವತ್ತು ಎದ್ದೇಳದಿದ್ರೆ ನಾಳೆ ಗುಜರಿಗೆ," ಎಂದರು ಗಂಡ.

ಆ ಮನೆಯಲ್ಲಿ ನನ್ನದು ಅಂತ ಇದ್ದದ್ದು ಅದೊಂದೇ. ಎಬ್ಬಿಸಲೇಬೇಕಿತ್ತು.

ಹಳೆಯ ಹಾರ್ಡ್‌ಡಿಸ್ಕ್ ಬಿಚ್ಚಿದೆ. ಅದರ ಜಾಗಕ್ಕೆ ತಂದ ಎಸ್‌ಎಸ್‌ಡಿಯನ್ನು ಮೇಜಿನ ಮೇಲಿಡುವಷ್ಟರಲ್ಲಿ ಹಾಲು ಉಕ್ಕಿತು, ಒಳಗೆ ಓಡಿದೆ. ಒಲೆ ಒರೆಸಿ ಬಂದರೆ ಮೇಜು ಖಾಲಿ. ಗಂಡ ಲ್ಯಾಪ್‌ಟಾಪಿನ ಮುಚ್ಚಳ ಹಾಕಿ ಕೊನೆಯ ಸ್ಕ್ರೂ ತಿರುಗಿಸುತ್ತಿದ್ದರು.

"ಎಲ್ಲಾ ಅರ್ಧಕ್ಕೇ ಬಿಡ್ತೀಯ. ನಾನೇ ಮುಗಿಸಿದೆ ನೋಡು."

ಪೆನ್‌ಡ್ರೈವ್ ಸಿಕ್ಕಿಸಿ ವಿಂಡೋಸ್ ಹಾಕಲು ಕೂತೆ. ಡಿಸ್ಕ್ ಸಿಗುತ್ತಿಲ್ಲ ಎಂದಿತು ಪರದೆ. ಬಯೋಸ್‌ಗೆ ಹೋಗಿ ಸೆಟ್ಟಿಂಗ್ ಬದಲಿಸಿದೆ. ಪೆನ್‌ಡ್ರೈವನ್ನೇ ಬದಲಿಸಿದೆ. ಮತ್ತೆ ಅದೇ ಮಾತು.

"ಅಂಗಡಿಯವನು ನಿಂಗೆ ಸರಿಯಾಗಿ ಟೋಪಿ ಹಾಕಿದಾನೆ."

"ರೀ, ಒಂದ್ಸಲ ಬಿಚ್ಚಿ ನೋಡೋಣ."

"ನಾನು ಬಿಗಿದ ಸ್ಕ್ರೂನಾ? ಅದ್ರಲ್ಲೇನೂ ತಪ್ಪಿರಲ್ಲ. ಗುಜರಿಯವನಿಗೆ ಫೋನ್ ಮಾಡ್ತೀನಿ."

ಅಷ್ಟರಲ್ಲಿ ದೇವರ ಕೋಣೆಯ ಗಂಟೆ ನಿಂತಿತು. ಅತ್ತೆ ಆರತಿ ತಟ್ಟೆ ಹಿಡಿದು ಬಂದರು. ತಟ್ಟೆಯ ನಡುವೆ ಅರಿಶಿನ ಕುಂಕುಮ ಹಚ್ಚಿಸಿಕೊಂಡು, ತಲೆಗೊಂದು ಸೇವಂತಿಗೆ ಏರಿಸಿಕೊಂಡು ಎಸ್‌ಎಸ್‌ಡಿ ಕೂತಿತ್ತು.

"ತಗೊಳ್ಳೇ, ಪೂಜೆ ಆಯ್ತು. ಇನ್ನು ಒಳಗೆ ಹಾಕು."