ತಂಗಿ ಫೋನಿನಲ್ಲಿ ಅಂದದ್ದು

ನೀಲಾಂಬಿಕಾ ಟೀಚರು ತಂಗಿಯ ನೆನಪಿಗೆಂದು ಬರೆಯುತ್ತಿದ್ದ ಲೇಖನ ಮೂರನೇ ಸಲವೂ ಮಾತಾಡಲಿಲ್ಲ.

ಉದ್ಧರಣ ಚಿಹ್ನೆಯೊಳಗಿಟ್ಟ ಮಾತು ಆಡಿದವರ ದನಿಯಲ್ಲೇ ಕೇಳಿಸುವುದು ಧಾರವಾಡದಲ್ಲಿ ಯಾರಿಗೂ ಹೊಸದಲ್ಲ. ಮಂತ್ರಿಗಳ ಭಾಷಣವಿದ್ದ ಪತ್ರಿಕೆಯನ್ನು ಮಡಚಿಟ್ಟೇ ಜನ ಊಟಕ್ಕೆ ಕೂರುತ್ತಿದ್ದರು. ಆದರೆ ಆಡಿದ್ದನ್ನು ಆಡಿದ ಹಾಗೇ ಬರೆಯಬೇಕು. ಸತ್ತವರ ದನಿಯಂತೂ ತಿಂಗಳು ಕಳೆದ ಮೇಲೆ ಏಳುವುದಿಲ್ಲ. ತಂಗಿ ಸುಮಿತ್ರಾ ಹೋಗಿ ಇವತ್ತಿಗೆ ತಿಂಗಳು. ಹೊತ್ತು ಮುಳುಗಲು ಬಂದಿತ್ತು.

“ನೀನು ಬರುವವರೆಗೂ ನಾನಿರುತ್ತೇನೆ, ಅಕ್ಕ” ಎಂದಿತ್ತು ಹಾಳೆಯ ಮೇಲೆ.

“ದೊಡ್ಡವ್ವಾ, ಅವ್ವ ಯಾವಾಗರ ಹಿಂಗ ಮಾತಾಡ್ಯಾಳೇನು?” ಸುಮಿತ್ರಾಳ ಮಗಳು ಗೌರಾ ಅತ್ತಳು. “ಪುಸ್ತಕದ ಮಾತು ಬ್ಯಾಡ. ಒಮ್ಮೆ ಆಕಿ ದನಿ ಕೇಳಸು, ಸಾಕು.”

ಮೂವತ್ತು ವರ್ಷ ಮಕ್ಕಳ ಪ್ರಬಂಧ ತಿದ್ದಿದ ಕೈ ಸತ್ತ ತಂಗಿಯನ್ನೂ ತಿದ್ದಿತ್ತು. ಟೀಚರು ಅದನ್ನು ಹೊಡೆದುಹಾಕಿ ಬರೆದರು: “ನೀ ಬರೂತನಾ ನಾ ಇರ್ತೀನಿ, ಅಕ್ಕಾ.”

ಆಗಲೂ ಹಾಳೆ ಮೂಕ.

“ಕಡೀ ಸಲ ಫೋನಿನ್ಯಾಗ ಅವ್ವ ಇಷ್ಟೇ ಅಂದ್ಲೇನು?”

ಟೀಚರು ಪೆನ್ನಿನ ಮುಚ್ಚಳ ಹಾಕಿ, ಮತ್ತೆ ತೆಗೆದರು. ಯಾರದೋ ಮಾತನ್ನು ಅರ್ಧ ಎತ್ತಿಕೊಂಡು ಬರೆದ ಮಕ್ಕಳಿಗೆ ಸೊನ್ನೆ ಹಾಕುತ್ತಿದ್ದವರು ಅವರೇ. ಕಿಟಕಿಯ ಬಿಸಿಲು ಕೊನೆಯ ಸರಳಿಗೆ ಬಂದಿತ್ತು. ಗೌರಾಳ ಮುಖ ನೋಡದೆ, ಉಳಿದದ್ದನ್ನೂ ಬರೆದು ಚಿಹ್ನೆ ಮುಚ್ಚಿದರು.

ಹಾಳೆಯಿಂದ ಸುಮಿತ್ರಾಳ ದನಿ ಎದ್ದಿತು. ಏದುಸಿರಿದ್ದರೂ ಒಂದೊಂದು ಅಕ್ಷರವೂ ಸ್ಪಷ್ಟ.

“ನೀ ಬರೂತನಾ ನಾ ಇರ್ತೀನಿ, ಅಕ್ಕಾ. ಪೇಪರ್ ತಿದ್ದೂದು ನಾಳೆ ಆದೀತು. ಈಗ ಬಾ.”