ಎರಡು ದಿನ ಮಾತಿಲ್ಲ

ಮನುಷ್ಯರ ಗಂಟಲಿನಿಂದ ದನಿ ಹೋಗಿ ಹನ್ನೆರಡು ವರ್ಷವಾಗಿತ್ತು. ಕಾರವಾರದಲ್ಲೂ ಎಲ್ಲರೂ ಲ್ಯಾಪ್‌ಟಾಪಿನಲ್ಲಿ ಟೈಪ್ ಮಾಡುತ್ತಿದ್ದರು. ಅವರ ಪರವಾಗಿ ಅದೇ ಮಾತಾಡುತ್ತಿತ್ತು. ಮನೆಯಲ್ಲಿ ಒಬ್ಬಳೇ ಇದ್ದ ಗ್ರಂಥಪಾಲಕಿ ಸುಗಂಧಾಳ ಲ್ಯಾಪ್‌ಟಾಪಿನ ಮೇಲೆ ಒಂದು ದಿನ ಕೋಕಂ ಶರಬತ್ತು ಚೆಲ್ಲಿತು. ಅವಳು ಕೂಡಲೇ ಅದನ್ನು ಆಫ್ ಮಾಡಿ, ಬೋರಲು ಹಿಡಿದುಕೊಂಡೇ ರಿಪೇರಿ ಅಂಗಡಿಗೆ ಹೋದಳು.

ಅಂಗಡಿಯ ಗಜಾನನ ಒಂದೊಂದೇ ಕೀ ಬಿಡಿಸಿ, ಸ್ಪಿರಿಟ್ ಹಚ್ಚಿದ ಹತ್ತಿಯಿಂದ ಅಂಟು ಒರೆಸಿದ. ಆಮೇಲೆ ತನ್ನ ಲ್ಯಾಪ್‌ಟಾಪಿನಲ್ಲಿ ಹೇಳಿದ:

"ಎರಡು ದಿನ ಒಣಗ್ಬೇಕು ಮೇಡಂ. ಅಲ್ಲೀವರೆಗೆ ಮಾತಿಲ್ಲ ಅಂತ ಯಾರಿಗಾದ್ರೂ ತಿಳಿಸೋದಿದ್ರೆ ನನ್ನದ್ರಲ್ಲೇ ತಿಳಿಸಿ."

ಯಾರ ಹೆಸರೂ ಹೊಳೆಯದೆ ಸುಗಂಧಾ ಬೇಡವೆಂದು ಕೈಯಾಡಿಸಿದಳು. ಅವಳ ಮಾತು ನಿಂತದ್ದು ಆ ಎರಡು ದಿನ ಯಾರಿಗೂ ಗೊತ್ತಾಗಲಿಲ್ಲ.

ಮೂರನೆಯ ದಿನ ಗಜಾನನ ಲ್ಯಾಪ್‌ಟಾಪನ್ನು ಅವಳ ಮುಂದಿಟ್ಟ. "ಏನಾದ್ರೂ ಮಾತಾಡಿ ನೋಡಿ."

ಅವಳು ಟೈಪ್ ಮಾಡಿದಳು. "ಊಟ ಆಯ್ತಾ?"

"ಆಯ್ತು. ನಿಮ್ದು?"

ಕೀಗಳೆಲ್ಲ ಸರಿಯಾಗಿದ್ದವು. ಇನ್ನು ಅವಳು ಹೊರಡಬೇಕಿತ್ತು.

"ಒಂದು ಕೀ ಇನ್ನೂ ಅಂಟ್ತದೆ," ಎಂದಳು.

ಗಜಾನನ ಎಲ್ಲವನ್ನೂ ಒತ್ತಿ ನೋಡಿದ. ಯಾವುದೂ ಅಂಟಲಿಲ್ಲ. ಅವಳ ಮುಖ ನೋಡಿ, ಒಂದು ಕುರ್ಚಿ ಎಳೆದು ಹಾಕಿದ.

"ಸ್ವಲ್ಪ ಹೊತ್ತು ಹಿಡೀತದೆ. ಕೂತ್ಕೊಳ್ಳಿ."